ಖಾಲಿ ಇಟ್ಟಿದ್ದ ಬೆಡ್ಡು

"ಜ್ವರ ಅಂತೆ ಜ್ವರ. ಐಸಿಯುನಲ್ಲಿ ನಿಂತ್ಕೊಂಡು ಜ್ವರ ಅಂತೀಯಲ್ಲ, ನಾಚಿಕೆ ಆಗಲ್ವೇನೇ? ಅಲ್ಲಿ ಮಲಗಿರೋರನ್ನ ನೋಡು. ಅದು ಕಾಯಿಲೆ."

ಮೇಟ್ರನ್ ಹೀಗೆ ಉಗಿದದ್ದು ರೋಗಿಗಳ ಮನೆಯವರ ಮುಂದೆಯೇ. ಗುಬ್ಬಿ ತಲೆ ತಗ್ಗಿಸಿದಳು. ಆ ನರ್ಸಿಗೆ ಗುಬ್ಬಿ ಅಂತ ಹೆಸರಿಟ್ಟವನು ನಾನೇ. ಇರುವುದು ಇಷ್ಟೇ ಇಷ್ಟು, ಆದರೆ ಎಂಥ ದಡೂತಿ ರೋಗಿಯನ್ನೂ ಮಗ್ಗುಲು ಹೊರಳಿಸುತ್ತಾಳೆ. ಆ ಕಡೆ ಅವಳು, ಈ ಕಡೆ ಅಟೆಂಡರ್ ನಾನು. ಅವತ್ತು ಚಾದರ ಎಳೆಯುವಾಗ ಅವಳ ಕೈ ತಾಗಿ ಕಾದ ಹೆಂಚು ಮುಟ್ಟಿದಂತಾಯಿತು.

ರಜೆ ಬೇಕಾದವರು ತಮ್ಮ ಬದಲಿಗೆ ಇನ್ನೊಬ್ಬರನ್ನು ತಾವೇ ಹುಡುಕಿ ನಿಲ್ಲಿಸಬೇಕು, ಇದು ಇಲ್ಲಿಯ ಕಾನೂನು. ಗುಬ್ಬಿ ಬೆಳಿಗ್ಗೆಯಿಂದ ಎಲ್ಲರನ್ನೂ ಕೇಳಿದ್ದಳು. ಪಕ್ಕದ ವಾರ್ಡಿನ ನರ್ಸು ಕೆಮ್ಮುತ್ತಲೇ, ನನ್ನದೂ ಇದೇ ಪಾಡು ಕಣೇ, ಅಂದಳಂತೆ.

ಈ ನರ್ಸುಗಳಿಗೆ ಹುಷಾರು ತಪ್ಪಿದರೆ ಸ್ಟೋರ್ ರೂಮೇ ಆಸ್ಪತ್ರೆ. ಕಿಟಕಿಯ ಸರಳಿಗೆ ಬಾಟಲಿ ನೇತುಹಾಕಿ ಒಬ್ಬರಿಗೊಬ್ಬರು ಡ್ರಿಪ್ ಹಾಕಿಕೊಳ್ಳುತ್ತಾರೆ. ಅರ್ಧ ಇಳಿಯುವಷ್ಟರಲ್ಲಿ ಒಳಗೆ ಯಾವುದೋ ಅಲಾರಂ ಕೂಗುತ್ತದೆ. ಬಾಟಲಿ ಕಳಚಿ, ಸೂಜಿ ಕೈಯಲ್ಲೇ ಬಿಟ್ಟು, ಮೇಲೆ ಗ್ಲೌಸ್ ಎಳೆದುಕೊಂಡು ಓಡುತ್ತಾರೆ. ಓಡುವ ದಾರಿಯಲ್ಲಿ ಗೋಡೆ ತುಂಬ ಬೋರ್ಡು: ನಾವೆಲ್ಲ ಒಂದೇ ಕುಟುಂಬ. ಥೂ.

ಮಧ್ಯಾಹ್ನ ಒಬ್ಬ ಮುದುಕನ ಔಷಧಿ ಪಂಪಿನಲ್ಲಿ ಗುಬ್ಬಿ ಎರಡರ ಜಾಗಕ್ಕೆ ಇಪ್ಪತ್ತು ಒತ್ತಿದಳು. ಹಿರಿಯ ನರ್ಸು, ನಾವೆಲ್ಲ ದೊಡ್ಡಕ್ಕ ಅನ್ನುವವಳು, ಹಿಂದಿನಿಂದ ಬಂದು ಅವಳ ಕೈ ಹಿಡಿದಳು. ಶುರು ಮಾಡುವ ಬಟನ್ ಒಂದು ಬಾಕಿ ಇತ್ತು. ಗುಬ್ಬಿಯ ಗ್ಲೌಸಿನೊಳಗೆ ಡ್ರಿಪ್ಪಿನ ಸೂಜಿ ಸರಿದು ಬೆರಳ ತುದಿಯವರೆಗೂ ರಕ್ತ.

"ಅಕ್ಕಾ, ತಾತನ್ನ ಕೊಂದೇಬಿಡ್ತಿದ್ದೆ," ಅಂದವಳು ಅಲ್ಲೇ ಕುಸಿದಳು.

ಏಳನೇ ಬೆಡ್ಡು ಖಾಲಿ ಇತ್ತು. ಸಂಜೆ ಯಾರೋ ದೊಡ್ಡ ಮನುಷ್ಯರು ಬರುತ್ತಾರೆಂದು ಹೊಸ ಚಾದರ ಹಾಸಿಟ್ಟಿದ್ದರು. ದೊಡ್ಡಕ್ಕ ನನ್ನ ಮುಖ ನೋಡಿದಳು. ನಾನು ಗುಬ್ಬಿಯನ್ನು ಎತ್ತಿ ಅದರ ಮೇಲೆ ಮಲಗಿಸಿ ಪರದೆ ಎಳೆದೆ. ದೊಡ್ಡಕ್ಕ ಮಾನಿಟರಿನ ವೈರುಗಳನ್ನು ಒಂದೊಂದಾಗಿ ಅಂಟಿಸಿದಳು.

ಅಲಾರಂ ಕೂಗಿತು.

ಮೇಟ್ರನ್ ಓಡಿ ಬಂದು ಪರದೆ ಕಿತ್ತಳು. ಹಿಂದೆ ಟೈ ಕಟ್ಟಿದ ಮ್ಯಾನೇಜರ್. ಇವಳು ಯಾವ ಸೀಮೆ ಮಹಾರಾಣಿ, ಇಳಿಸಿ ಕೆಳಗೆ, ಅಂತ ಇಬ್ಬರೂ ಅರಚಾಡಿದರು. ನನ್ನ ಕೆಲಸ ಹೋಯಿತು ಅಂದರು. ಹೋಗಲಿ ಬಿಡು ಅಂದೆ.

"ಮೊದ್ಲು ಆ ದರಿದ್ರ ಅಲಾರಂ ನಿಲ್ಸೇ," ಅಂದ ಮ್ಯಾನೇಜರ್.

ದೊಡ್ಡಕ್ಕ ಬಟನ್ ಮೇಲೆ ಅಂಗೈ ಅಡ್ಡ ಇಟ್ಟಳು. "ರೋಗಿ ಸಾರ್ ಇವ್ಳು. ಡಾಕ್ಟರನ್ನ ಕರೀರಿ. ಅವರು ಬರೋತನಕ ಇದು ಕೂಗ್ಲಿ."

ಅವನು ಅವಳ ಕೈ ತಳ್ಳಲು ಹೋದ. ನಾನು ನಡುವೆ ನಿಂತೆ. ಅಷ್ಟರಲ್ಲಿ ಬೆನ್ನ ಹಿಂದೆ ಕೆಮ್ಮು.

ಪಕ್ಕದ ವಾರ್ಡಿನವಳು ಬಾಗಿಲಲ್ಲಿದ್ದಳು. ಗ್ಲೌಸ್ ಕಿತ್ತು ಮ್ಯಾನೇಜರನ ಕಾಲ ಬುಡಕ್ಕೆ ಎಸೆದು, ಕೈ ಮುಂದೆ ಚಾಚಿದಳು. ಅದರಲ್ಲೂ ಡ್ರಿಪ್ಪಿನ ಸೂಜಿ ಹಾಗೇ ಇತ್ತು.