ಸಾಕ್ಷಿಗೆ ಸೇರಿಸಿದ ಪಾಪಗಳು

ಗೇಟಿನ ಹೊರಗೆ ನಿಂತವನ ಕೈಯಲ್ಲಿ ಗಂಡನ ಪುಸ್ತಕ ಕಂಡು ಜಯದೇವಿಗೆ ಮೊದಲು ಹೆಮ್ಮೆಯೇ ಆಯಿತು. ಸಂಜೀವಯ್ಯನ ಆತ್ಮಕಥೆ ಓದಿ ಮನಸ್ಸು ಕರಗಿದವರು ಸಾರಕ್ಕಿಯ ಈ ಬಾಡಿಗೆ ಮನೆಯನ್ನು ಹುಡುಕಿಕೊಂಡು ಬರುವುದು ಹೊಸದೇನಲ್ಲ. ಆದರೆ ಈತ ಚರ್ಚಿನವರಂತೆ ‘ಸ್ತೋತ್ರ’ ಅನ್ನಲಿಲ್ಲ, ನಗಲೂ ಇಲ್ಲ.

“ಅಕ್ಕ, ನಾನು ಬೈರಣ್ಣ, ಬಿಳೇಕಹಳ್ಳಿಯವನು. ನಮ್ಮೂರ ಕೆರೆ ಏರಿ ಮೇಲೆ ಒಬ್ಬನಿಗೆ ಕಲ್ಲಲ್ಲಿ ಹೊಡೆದು ಓಡಿಹೋದೆ ಅಂತ ಇದ್ರಲ್ಲಿ ಬರೆದಿದ್ದಾರಲ್ಲ? ಎಪ್ಪತ್ತೆಂಟರಲ್ಲಿ ನಮ್ಮಣ್ಣ ಅದೇ ಏರಿ ಕೆಳಗೆ ಹೆಣವಾಗಿ ಸಿಕ್ಕಿದ್ದ.”

ಅಯ್ಯೋ ದೇವರೇ, ಪೊಲೀಸು, ಕೋರ್ಟು, ಗಂಡನ ಕೈಗೆ ಕೋಳ, ಎಲ್ಲವೂ ಒಟ್ಟಿಗೇ ಜಯದೇವಿಯ ಕಣ್ಣ ಮುಂದೆ ಬಂದು ನಿಂತವು.

ಅವರ ಸಭೆಯಲ್ಲಿ ಸಾಕ್ಷಿ ಹೇಳುವ ರೂಢಿಯೇ ಹಾಗೆ ನೋಡಿ. ರಕ್ಷಣೆ ಸಿಗುವ ಮುಂಚಿನ ಬದುಕು ಎಷ್ಟು ಕೊಳಕೋ ಕರ್ತನಿಗೆ ಅಷ್ಟು ಮಹಿಮೆ. ಜಯನಗರದ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸಿಡುವ, ಬೀಡಿ ಕೂಡ ಸೇದದ ಸಂಜೀವಯ್ಯನ ಸಪ್ಪೆ ಕಥೆಯನ್ನು ಯಾವ ಪುಣ್ಯಾತ್ಮ ಓದುತ್ತಾನೆ? “ಹಳೇ ಜೀವನ ಸ್ವಲ್ಪ ಬಿಡಿಸಿ ಬರೀರಿ ಬ್ರದರ್” ಎಂದರು ಪಾಸ್ಟರು. ಗಂಡ ಹೆಂಡತಿ ಕೂತು ಗಾಂಜಾ ಸೇರಿಸಿದರು, ಪಿಕ್‌ಪಾಕೆಟ್ ಸೇರಿಸಿದರು. ಗಾಂಜಾದ ಉಪಾಯ ಜಯದೇವಿಯದೇ! ಕಲ್ಲೇಟಿನ ಭಾಗವನ್ನು ಮಾತ್ರ ಗಂಡ ಒಬ್ಬನೇ ಬರೆದು ತಂದಿದ್ದ. ಓದಿ ಅವಳು, ಸಖತ್ತಾಗಿದೆ ಕಣ್ರೀ, ಎಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು.

ಮಾತಿನ ಸದ್ದಿಗೆ ಸಂಜೀವಯ್ಯ ಹೊರಗೆ ಬಂದು ಬಾಗಿಲಲ್ಲಿ ನಿಂತ. ಮಾನ ಹೋದರೆ ಹೋಗಲಿ, ಗಂಡ ಉಳಿದರೆ ಸಾಕು ಎಂದು ಜಯದೇವಿ ಬಾಯಿ ಬಿಟ್ಟಳು.

“ಅದೆಲ್ಲಾ ಸುಳ್ಳು ಅಣ್ಣ! ಪುಸ್ತಕಕ್ಕೆ ಅಂತ ನಾವೇ ಸೇರಿಸಿದ್ದು. ಗಾಂಜಾ ಹೇಗಿರುತ್ತೆ ಅಂತಾನೂ ಇವರಿಗೆ ಗೊತ್ತಿಲ್ಲ. ಜಿರಲೆ ಹೊಡಿ ಅಂದ್ರೆ ನನ್ನನ್ನ ಕರೀತಾರೆ. ರೀ, ಕಲ್ಲಿನ ಹಾಗೆ ನಿಂತ್ರೆ ಹೇಗೆ? ಹೇಳ್ರೀ ನೀವೂ!”

ಸಂಜೀವಯ್ಯ ಬೈರಣ್ಣನ ಮುಖವನ್ನೇ ನೋಡುತ್ತಿದ್ದ.

“ಇವಳು ಹೇಳಿದ್ದು ನಿಜ. ಬೇರೆಲ್ಲಾ ಸುಳ್ಳೇ,” ಎಂದ. “ಅದೊಂದು ಸುಳ್ಳಲ್ಲ. ಸೈಕಲ್ ವಿಷಯಕ್ಕೆ ಜಗಳ ಆಯ್ತು, ಹೊಡೆದೆ. ಸತ್ತ ಅಂತ ಮಾರನೇ ದಿನ ಗೊತ್ತಾಯ್ತು.”

ಬೈರಣ್ಣ ಬೈಯಲೂ ಇಲ್ಲ, ಕೈ ಎತ್ತಲೂ ಇಲ್ಲ.

“ನಮ್ಮವ್ವ ಆಟೋದಲ್ಲಿ ಕೂತಿದ್ದಾಳೆ,” ಎಂದ. “ಅವಳ ಮುಂದೆ ಬಂದು ಹೇಳಿ.”

ಸಂಜೀವಯ್ಯ ಚಪ್ಪಲಿ ಮೆಟ್ಟಿದ. ಜಯದೇವಿ ಓಡಿಹೋಗಿ ಅವನ ಅಂಗಿ ಹಿಡಿದಳು.

“ನಿಜ ಆಗಿದ್ರೆ ಯಾಕ್ರೀ ಬರೆದ್ರಿ?”

“ಒಳಗಿಟ್ಕೊಂಡು ಸಾಕಾಗಿತ್ತು ಕಣೇ. ಅಷ್ಟು ಸುಳ್ಳಿನ ಮಧ್ಯೆ ಹಾಕಿದ್ರೆ ನೀನೂ ನಂಬಲ್ಲ ಅಂದ್ಕೊಂಡೆ.”

ನಂಬಿರಲೂ ಇಲ್ಲ. ನಕ್ಕಿದ್ದಳು. ಪೊಲೀಸರ ಭಯ ಎತ್ತಲೋ ಹೋಯಿತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ಈ ಮನುಷ್ಯನನ್ನು ಕಂಡೇ ಅವಳಿಗೆ ಈಗ ಭಯವಾಯಿತು.

“ಬಂದ್ನೇನೋ?” ಎಂದು ಆಟೋದೊಳಗಿಂದ ಮುದುಕಿಯ ದನಿ ಕೇಳಿತು.

ಜಯದೇವಿ ಗಂಡನ ಅಂಗಿಯನ್ನು ಬಿಟ್ಟಳು.