ಸೋಮವಾರದ ಗುಳಿಗೆ

ಮರೆವ್ವ ಅಕ್ಕ ತಂಗೆವ್ವನ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ಮುತ್ತೈದೆಯ ಹೆಣ, ಸೆಟೆದ ಕೈ. ಎಲ್ಲಿ ಒಡೆಯುತ್ತದೋ ಎಂದು ಸುತ್ತ ಕೂತ ಹೆಂಗಸರು ನೋಡುತ್ತಿದ್ದರು. ಒಂದೂ ಒಡೆಯಲಿಲ್ಲ.

"ನಿನ್ನ ಬೆರಳ ಪೂರಾ ಛಲೋ ಆಗ್ಯಾವ ನೋಡವಾ," ಎಂದಳು ನೆರೆಮನೆಯಾಕೆ.

"ಅಕ್ಕನ ಪುಣ್ಯಾರಿ. ಆಕೀನ ದವಾಖಾನಿಗಿ ಕರಕೊಂಡ ಹೋಗಿ ಗುಳಗಿ ಕೊಡಿಸಿದ್ಲು. ಸೋಮವಾರಕ್ಕೊಮ್ಮಿ ಒಂದ. ಇವತ್ತೂ ಸೋಮವಾರನ, ಉಂಡ ಮ್ಯಾಲ ನುಂಗಬೇಕು." ಮಾತಿನ ನಡುವೆ ಅವಳಿಗೆ ಒಣಕೆಮ್ಮು ಬಂತು.

ಅವ್ವನ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತಿದ್ದ ಮಗಳು ಮಾಯಾಳ ಕೈ ಅಲ್ಲೇ ನಿಂತಿತು. ಹೇಳಬೇಕು. ಚಿಗವ್ವ ಉಂಡು ಗುಳಿಗೆ ನುಂಗುವುದರೊಳಗೆ ಹೇಳಬೇಕು.

ಹೊರಗೆ ಕಟ್ಟೆಯ ಮೇಲೆ, ಸಾವಿಗೆ ಉಣ್ಣೆಯೇ ಕಾರಣವೆಂದು ಊರ ಹಿರಿಯ ಮುದಕಪ್ಪಜ್ಜನ ತೀರ್ಪು ನಡೆದಿತ್ತು. "ಉಣ್ಣಿ ರೀ, ಉಣ್ಣಿ! ಸಣ್ಣಾಕಿದ್ದಾಗಿಂದ ರಾಟಿ ಮುಂದ ಕುಂತ ಕುರಿ ಉಣ್ಣಿ ನೂತಾಕಿ. ಆ ಧೂಳ ಎದಿ ಹೊಕ್ಕ ಸುಮ್ನ ಬಿಡತೈತೇನ?"

ಸತ್ತವರ ಮನೆಯಲ್ಲಿ ವೈದ್ಯರಿಗೆ ಬರವಿಲ್ಲ. ತಂಗೆವ್ವನ ಗಂಡ ಗಿರಮಲ್ಲಪ್ಪ, ಅವಳೇ ನೂತ ನೂಲಿನ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲದಕ್ಕೂ ಹೂಂ ಎನ್ನುತ್ತಿದ್ದ.

"ನಾ ಪಾರಾದ್ನಿ ನೋಡ, ಮಾಯಾ," ಎಂದಳು ಒಳಗೆ ಕೇಳುತ್ತಿದ್ದ ಮರೆವ್ವ. "ನಾ ಉಣ್ಣಿ ಮುಟ್ಟಿದಾಕೀನ ಅಲ್ಲ." ಹಾಗೆಂದದ್ದಕ್ಕೆ ತಾನೇ ನಾಚಿ, ಅಕ್ಕನ ಎದೆಯ ಮೇಲೆ ಬಿದ್ದು ಅತ್ತಳು.

*

ಸಂಧಿವಾತ ಹಿಡಿದು ತಂಗೆವ್ವನ ಬೆರಳು ಮಡಚಿಕೊಂಡಾಗ ರಾಟಿ ಅಟ್ಟ ಸೇರಿತ್ತು. ವಾರಕ್ಕೊಂದು ಗುಳಿಗೆ ಅದನ್ನು ಕೆಳಗಿಳಿಸಿತು. ಮುಂದೆ ಬನಹಟ್ಟಿಯಲ್ಲಿ ತಂಗಿಗೂ ಅದೇ ನೋವು ಬಂದಾಗ, ತಂಗೆವ್ವ ಸಾವಳಗಿಯಿಂದ ಬಸ್ಸು ಹತ್ತಿ ಹೋಗಿ ಅವಳನ್ನು ದವಾಖಾನೆಗೆ ಎಳೆದೊಯ್ದು ಅದೇ ಗುಳಿಗೆ ಕೊಡಿಸಿದಳು. ಮರೆವ್ವ ಖಾನಾವಳಿಗೆ ರೊಟ್ಟಿ ಬಡಿದು ಮನೆ ನಡೆಸುವವಳು. ಲಕ್ವಾ ಹೊಡೆದು ಮಲಗಿದ ಗಂಡನಿಗೆ ತುತ್ತಿಡುವುದೂ ಅವಳ ಕೈಯೇ.

ಆಮೇಲೆ ತಂಗೆವ್ವನಿಗೆ ಕೆಮ್ಮು, ಉಬ್ಬಸ. ವಿಜಯಪುರದ ಡಾಕ್ಟರು ಎದೆಯ ಚಿತ್ರ ನೋಡಿ ಹೇಳಿದರು: "ಉಣ್ಣಿ ಧೂಳ ಅಲ್ಲವ್ವಾ. ಆ ಗುಳಗೀನ ಶ್ವಾಸಕೋಶ ಕೆಡಿಸೈತಿ. ಎಲ್ಲಾರಿಗೂ ಹಿಂಗ ಆಗೂದಿಲ್ಲ, ಕೆಲವರ ರಕ್ತಕ್ಕ ಹುಟ್ಟಿನಿಂದನ ಅದು ತಾಳೂದಿಲ್ಲ. ಒಡಹುಟ್ಟಿದವರು ಯಾರರ ತಗೋಳಾಕತ್ತಿದ್ರ ಲಗೂನ ಕರಕೊಂಡ ಬರ್ರಿ."

ಗುಳಿಗೆ ಬಿಡಿಸಿದರು. ತಡವಾಗಿತ್ತು.

"ಮರೆವ್ವಗ ಹೇಳಬ್ಯಾಡ," ಎಂದಳು ತಂಗೆವ್ವ, ಮೂಗಿನ ಮೇಲಿನ ಆಕ್ಸಿಜನ್ ನಳಿಕೆ ಸರಿಸಿ.

"ಯವ್ವಾ, ಚಿಗವ್ವಗೂ ಕೆಮ್ಮ ಸುರು ಆಗೇತಿ!"

"ಗುಳಗಿ ಬಿಟ್ಟ ಆಕಿ ಕೈ ಬಿತ್ತಂದ್ರ ಗಂಡ ಹೆಂಡತಿ ಇಬ್ರೂ ಉಪಾಸ ಸಾಯತಾರ. ಕೈ ಹಿಡದ ಗುಳಗಿ ಕೊಡಿಸಿದಾಕಿ ನಾನ. ಆಕಿ ಮಾರಿ ಹ್ಯಾಂಗ ನೋಡಲಿ? ನನ್ನ ಜೀವ ಇರೂತನಕರೆ ಹೇಳಬ್ಯಾಡ."

ಮಗಳಿಂದ ಬೀರೇಶ್ವರನ ಆಣೆ ಹಾಕಿಸಿಕೊಂಡಳು. ಆ ಆಣೆಯ ಹಿಂದೆ ಮಾಯಾ ಇಷ್ಟು ದಿನ ಅಡಗಿ ಕೂತಿದ್ದಳು. ಬೆಳಗ್ಗೆ ಅವ್ವ ತೀರಿದ ಮೇಲೆ ಅದೂ ಇರಲಿಲ್ಲ.

*

ಮಣ್ಣು ಕೊಟ್ಟು ಬಂದು ಎಲ್ಲರೂ ತಲೆಯ ಮೇಲೆ ನೀರು ಹಾಕಿಕೊಂಡರು. ಬೀಗರು ತಂದ ಬುತ್ತಿಯಲ್ಲಿ ಅರ್ಧ ರೊಟ್ಟಿ ತಿಂದು, ಮರೆವ್ವ ಸೆರಗಿನ ಗಂಟು ಬಿಚ್ಚಿದಳು. ಹಳದಿ ಗುಳಿಗೆ ಅಂಗೈಗೆ ಬಂತು. ಮಾಯಾ ಆ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ಎಲ್ಲ ಹೇಳಿದಳು.

ಮರೆವ್ವ ಕೈ ಬಿಡಿಸಿಕೊಂಡಳು.

"ಅಕ್ಕಗ ಗೊತ್ತಿತ್ತಾ?"

"ಹೂಂ."

"ಬ್ಯಾರೆ ಔಷಧ ಇಲ್ಲೇನ?"

"ಅದಾವಂತ. ನಿನಗ ಹತ್ತತಾವೋ ಇಲ್ಲೋ ನೋಡಬೇಕಂತ. ಮದಲ ಎದಿ ತೋರಸಬೇಕು. ನಾಳೇನ ಹೋಗೂಣು, ಚಿಗವ್ವಾ."

"ಅಲ್ಲೀತನಕ ನಿಮ್ಮ ಕಾಕಾಗ ಯಾರು ಉಣಸ್ತಾರ?"

"ನಾ ಬರ್ತೇನಿ."

"ಎಷ್ಟ ದಿನಾ ಬರ್ತೀ?"

ಗುಳಿಗೆ ಬಿಟ್ಟರೆ ಕೈ ಹೋಗುತ್ತದೆ, ನುಂಗಿದರೆ ಉಸಿರು. ನಡುವೆ ಕಾಲಿಡಲು ಜಾಗವೇ ಇಲ್ಲ. ಅವ್ವನ ಮೇಲೆ ಮಾಯಾಳಿಗೆ ಸಿಟ್ಟು ಬಂತು, ಸತ್ತ ದಿನವೇ.

ಮರೆವ್ವ ಗುಳಿಗೆಯನ್ನು ಉಂಡ ತಾಟಿನ ಅಂಚಿನಲ್ಲಿ, ಮುಸುರೆಯಲ್ಲಿ ಬಿಟ್ಟಳು. ಮಾಯಾಳ ಭುಜ ಹಿಡಿದು ತಿರುಗಿಸಿ, ಬೆನ್ನ ಹಿಂದೆ ಕೂತು, ಒದ್ದೆ ಕೂದಲಿಗೆ ಬೆರಳು ಹಾಕಿದಳು.

"ಸೂತಕದಾಗ ಹೆರಳ ಹಾಕಬಾರದವಾ," ಎಂದರು ಯಾರೋ.

"ಇವತ್ತ ಇನ್ನೂ ಬೆರಳ ಆಡತಾವರಿ," ಎಂದಳು ಮರೆವ್ವ.

ಸಿಕ್ಕು ಬಿಡಿಸಿದಳು. ಕೂದಲನ್ನು ಮೂರು ಕಾಲು ಮಾಡಿ, ಬಿಗಿಯಾಗಿ, ತುದಿಯವರೆಗೂ ಹೆಣೆದಳು. ಹೆಣೆದದ್ದನ್ನು ಬಿಚ್ಚಿದಳು. ಮತ್ತೆ ಮೇಲಿನಿಂದ ಹೆಣೆಯತೊಡಗಿದಳು.