ಎರಡು ಬೆರಳು ಕಡಿಮೆ

ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೂಗುಬೊಟ್ಟು ಎಂದು. ಹಾಗಂತ ಅವಳ ಮೂಗಿನಲ್ಲಿ ಬೊಟ್ಟೇನೂ ಇರಲಿಲ್ಲ. ಇದ್ದದ್ದು ಬರೀ ಮೂಗು, ಆದರೆ ಅದು ಅಂತಿಂಥ ಮೂಗಲ್ಲ. ಅಡುಗೆ ಎಣ್ಣೆ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎನ್ನುವುದು ಅವಳ ಪಿಎಚ್‌ಡಿಯ ವಿಷಯ. ಎಣ್ಣೆ ಕಮಟಾಗತೊಡಗಿದ್ದನ್ನು ಮೂಲೆಯ ದೊಡ್ಡ ಯಂತ್ರಕ್ಕಿಂತ ಮೊದಲು ಅವಳ ಮೂಗೇ ಹಿಡಿಯುತ್ತಿತ್ತು. ಯಂತ್ರಕ್ಕೆ ಹವಾನಿಯಂತ್ರಿತ ಕೋಣೆ, ಮೂಗಿಗೆ ಅಡ್ಡಹೆಸರು. ಲೋಕದ ನ್ಯಾಯ ಇರುವುದೇ ಹೀಗೆ.

ವಾರಕ್ಕೊಮ್ಮೆ ಅಲ್ಲಿ ಮೂಸುವ ಮೇಜು ಕೂಡುತ್ತಿತ್ತು. ಆರೇಳು ಜನ ಸುತ್ತ ಕೂರುವರು. ಮುಚ್ಚಳ ಹಾಕಿದ ಎಣ್ಣೆಯ ಬಾಟಲಿ ಕೈಯಿಂದ ಕೈಗೆ ಸಾಗುವುದು. ಪ್ರತಿಯೊಬ್ಬರೂ ಮುಚ್ಚಳ ತೆರೆದು, ಮೂಸಿ, ಮುಚ್ಚಿ ಮುಂದೆ ಕೊಡಬೇಕು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿಕೊಳ್ಳಬೇಕು. ಮೇಡಂ ಮೇಜು ಕುಟ್ಟಿದ ತಕ್ಷಣ ಕಮಟು ಎಷ್ಟಿದೆ ಎಂದು ಬೆರಳೆತ್ತಿ ತೋರಿಸಬೇಕು. ತಾಜಾ ಇದ್ದರೆ ಖಾಲಿ ಮುಷ್ಟಿ, ಪೂರ್ತಿ ಕೆಟ್ಟಿದ್ದರೆ ಹತ್ತೂ ಬೆರಳು. ಒಬ್ಬರನ್ನು ನೋಡಿ ಇನ್ನೊಬ್ಬರು ತೋರಿಸಬಾರದು ಎಂದು ಈ ಕಣ್ಣುಮುಚ್ಚಾಲೆ. ಹೊರಗಿನವರು ಯಾರಾದರೂ ಆ ಹೊತ್ತಿಗೆ ಬಾಗಿಲು ತೆರೆದರೆ, ಇಷ್ಟು ಓದಿದವರಿಗೆ ಏನು ಬಂತಪ್ಪಾ ಕೇಡು ಎಂದುಕೊಳ್ಳಬೇಕು.

ಆ ಮೇಜಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ನೆಗಡಿಯಾದವರು, ಸಿಗರೇಟು ಸೇದುವವರು ಮತ್ತು ಬಸುರಿಯರು ಕೂರುವಂತಿಲ್ಲ. "ಬಸುರಿ ಮೂಗನ್ನ ನಂಬಬಾರದು, ಅದು ಅವಳ ಮಾತೇ ಕೇಳಲ್ಲ" ಎನ್ನುತ್ತಿದ್ದರು ಮೇಡಂ. ಮೇಡಂ ಎಂದರೆ ಅವಳ ಮಾರ್ಗದರ್ಶಕಿ; ಮಾತಿನಲ್ಲಿ ಮೆಣಸಿನಕಾಯಿ, ಲೆಕ್ಕದಲ್ಲಿ ತಕ್ಕಡಿ.

ಒಂದು ಬೆಳಿಗ್ಗೆ ವಿಭಾಗದ ಮೆಟ್ಟಿಲ ಮೇಲೆ ಕಾಲಿಟ್ಟಾಗ, ಆಗತಾನೇ ನೆಲ ಒರೆಸಿದ ಫಿನಾಯಿಲ್ ವಾಸನೆ ಅವಳನ್ನು ಎದೆಗೆ ಕೈಕೊಟ್ಟು ತಳ್ಳಿತು. ಅವಳು ಕಂಬ ಹಿಡಿದು ನಿಂತಳು. ದಿನವೂ ಅದೇ ಫಿನಾಯಿಲ್, ಅದೇ ಮೆಟ್ಟಿಲು. ಸಂಜೆ ಔಷಧಿ ಅಂಗಡಿಗೆ ಹೋಗಿ ಪರೀಕ್ಷೆಯ ಕಡ್ಡಿ ತಂದಳು. ಅದರಲ್ಲಿ ಎರಡನೇ ಗೆರೆ ಮೂಡಿದ್ದನ್ನು ಗಂಡನಿಗೆ ತೋರಿಸಿದಾಗ ಅವನು ಅದನ್ನು ತಲೆಕೆಳಗಾಗಿ ಹಿಡಿದು, "ಇದು ಹೌದು ಅಂತಾನಾ, ಅಲ್ಲ ಅಂತಾನಾ?" ಎಂದು ಕೇಳಿದ. ಹೌದು ಎಂದಾಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಮೇಡಂಗೆ ಹೇಳಿದರೆ ಮೇಜಿನಿಂದ ಎಬ್ಬಿಸುತ್ತಾರೆ. ಅವಳ ಪ್ರಬಂಧ ನಿಂತಿರುವುದೇ ಆ ಮೇಜಿನ ಮೇಲೆ. ಹೊಸ ಮೂಗೊಂದನ್ನು ತಂದು ಪಳಗಿಸುವ ಹೊತ್ತಿಗೆ ಅವಳ ಫೆಲೋಶಿಪ್ ಮುಗಿದಿರುತ್ತದೆ. ಇನ್ನು ಅಮ್ಮನಿಗೆ ಹೇಳೋಣವೆಂದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಅಮ್ಮ ಕುಲಾವಿಯ ಜೊತೆಗೆ ಮದುವೆ ಸೀರೆಯನ್ನೂ ತಂದಿಡುವ ಪೈಕಿ. ಮೂರು ತಿಂಗಳು ಕಳೆಯಲಿ, ಯಾರಿಗೂ ಬೇಡ ಎಂದು ಗಂಡ ಹೆಂಡತಿ ಇಬ್ಬರೇ ಗುಟ್ಟು ಮಾಡಿಕೊಂಡರು.

ಮುಂದಿನ ಮೇಜಿನಲ್ಲಿ ಅವಳು ಏಳು ಬೆರಳು ಎತ್ತಿದಳು. ಕಣ್ಣು ಬಿಟ್ಟು ನೋಡಿದರೆ ಉಳಿದವರದೆಲ್ಲ ಐದು.

"ಏನಮ್ಮಾ, ನೆಗಡಿನಾ?" ಎಂದರು ಮೇಡಂ.

"ಇಲ್ಲ ಮೇಡಂ, ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ."

ಆ ದಿನದ ಬಾಟಲಿಗಳೆಲ್ಲ ಹಾಗೇ ಆದವು, ಎಲ್ಲದರಲ್ಲೂ ಅವಳಿಗೆ ಎರಡು ಹೆಚ್ಚು. ಆಗ ಅವಳೊಂದು ಉಪಾಯ ಹೂಡಿದಳು. ಮೂಗು ಏನು ಹೇಳುತ್ತದೋ ಅದರಲ್ಲಿ ಎರಡು ಬೆರಳು ಮಡಚುವುದು. ಎಂಟು ಅನ್ನಿಸಿದರೆ ಆರು, ಐದು ಅನ್ನಿಸಿದರೆ ಮೂರು. ವಿಜ್ಞಾನದಲ್ಲಿ ಇದಕ್ಕೆ ಮೋಸ ಎನ್ನುತ್ತಾರೆ. ಮನೆಯ ಭಾಷೆಯಲ್ಲಿ ಹೊಂದಾಣಿಕೆ. ಅದು ಎಲ್ಲರ ಬೆರಳಿಗೂ ತಾಳೆಯಾಗುತ್ತಿತ್ತು. ಅವಳಿಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಹೊಟ್ಟೆ ಕಾಣುವ ಮೊದಲೇ ಬಸಿರು ಅವಳ ದಿನವನ್ನೆಲ್ಲ ಆಕ್ರಮಿಸಿತ್ತು. ಬಿಎಸ್ಸಿ ಮಕ್ಕಳಿಗೆ ಪ್ರಾಕ್ಟಿಕಲ್ ಹೇಳಿಕೊಡುತ್ತ ನಡುವೆ ಗಾಜು ತೊಳೆಯುವ ಕೋಣೆಗೆ ಓಡಿ, ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ವಾಂತಿ ಮಾಡಿ ಬರುತ್ತಿದ್ದಳು. ಕೋಟಿನ ಜೇಬಿನಲ್ಲಿ ಸದಾ ಬಿಸ್ಕತ್ತಿನ ಪುಡಿ. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಕೆನ್ನೆಯಾನಿಸಿ ನಿದ್ದೆ ಹೋಗುತ್ತಿದ್ದಳು. ಅವಳ ಕೆಳಗೆ ಓದುತ್ತಿದ್ದ ಉದ್ದನೆಯ ಹುಡುಗಿಗೆ ಜೋಳದ ಕಡ್ಡಿ ಎಂದು ಹೆಸರು. ಅವಳು ಬಂದು ಎಬ್ಬಿಸಿ, "ಅಕ್ಕಾ, ಪುಸ್ತಕ ತಲೆಗೆ ಹೋಗ್ಬೇಕು ಅಂತ ಹೀಗೆ ತಲೆ ಇಟ್ಕೊಂಡು ಮಲಗಿದ್ರೆ ಆಗಲ್ಲ" ಎನ್ನುತ್ತಿದ್ದಳು.

ಗಂಡನ ಪಾಡು ಇನ್ನೂ ತಮಾಷೆ. ಅವನಿಗೆ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ. ಮೈಯೆಲ್ಲ ಶಾಯಿಯ ವಾಸನೆ. ಸೋಪು ಹಾಕಿದರೆ ಸೋಪಿನ ವಾಸನೆ. ಕೊನೆಗೆ ಬರೀ ನೀರಿನಲ್ಲಿ ಉಜ್ಜಿಕೊಂಡು, ಕಿಟಕಿಯ ಪಕ್ಕ ಚಾಪೆ ಹಾಕಿ ಒಬ್ಬನೇ ಮಲಗುತ್ತಿದ್ದ. "ಮಗೂಗೆ ಅಪ್ಪ ಅಂದ್ರೆ ಈಗ್ಲೇ ಆಗಲ್ಲ" ಎಂದು ಅಲ್ಲಿಂದಲೇ ಗೊಣಗುತ್ತಿದ್ದ. ಆ ಗೊಣಗಾಟದಲ್ಲಿ ಇದ್ದ ಸುಖ ಅವಳಿಗೂ ಗೊತ್ತಿತ್ತು.

ನಿಜ ಹೇಳಬೇಕೆಂದರೆ, ಆ ದುರ್ನಾತಗಳೆಲ್ಲ ಅವಳಿಗೆ ಪ್ರೀತಿಯಾಗತೊಡಗಿದ್ದವು. ವೈದ್ಯೆ ಸ್ಕ್ಯಾನಿಂಗ್ ಪರದೆಯ ಮೇಲೆ ಮಿಣುಕುತ್ತಿದ್ದ ಒಂದು ಚುಕ್ಕೆಯನ್ನು ತೋರಿಸಿ ಇದೇ ಎದೆಬಡಿತ ಎಂದಿದ್ದು ಒಂದೇ ಸಲ. ಮುಂದಿನ ಭೇಟಿ ಇನ್ನೂ ದೂರವಿತ್ತು. ಅಲ್ಲಿಯವರೆಗೆ ಒಳಗೆ ಮಗು ಇದೆ ಎನ್ನುವುದಕ್ಕೆ ಅವಳಿಗೆ ಇದ್ದ ಸಾಕ್ಷಿ ಮೂಗೊಂದೇ. ಭಯವಾದಾಗ ಎಲ್ಲಕ್ಕಿಂತ ಕೆಟ್ಟ ಎಣ್ಣೆಯ ಬಾಟಲಿ ತೆರೆದು ಮೂಸುವಳು. ಹೊಟ್ಟೆ ತೊಳಸಿದರೆ ಸಮಾಧಾನ. ಹೀಗೆ ವಾಕರಿಸಿ ನೆಮ್ಮದಿ ಪಡುವ ಪ್ರಾಣಿ ತಾಯಿಯೊಬ್ಬಳೇ ಇರಬೇಕು.

ಹೀಗಿರುವಾಗ ಒಂದು ವಾರದ ಮೇಜಿನಲ್ಲಿ ಬಿಸಿಲಿಗಿಟ್ಟಿದ್ದ ಬಾಟಲಿ ಮೊದಲು ಬಂತು. ಅವಳು ಮೂಸಿದಳು, ಕಣ್ಣು ಮುಚ್ಚಿದಳು, ರೂಢಿಯಂತೆ ಎರಡು ಬೆರಳು ಮಡಚಿ ಮೂರು ತೋರಿಸಿದಳು. ಕಣ್ಣು ಬಿಟ್ಟಾಗ ಮೇಜಿನ ಸುತ್ತ ಐದು, ಐದು, ನಾಲ್ಕು, ಐದು, ಐದು.

"ಮೂಗುಬೊಟ್ಟಿಗೆ ತುಕ್ಕು ಹಿಡೀತು!" ಎಂದಳು ಜೋಳದ ಕಡ್ಡಿ. ಎಲ್ಲರೂ ನಕ್ಕರು.

"ಇನ್ನೊಂದ್ಸಲ ನೋಡು" ಎಂದರು ಮೇಡಂ.

ಅವಳು ಬಾಟಲಿಯನ್ನು ಮತ್ತೆ ಮೂಗಿಗೆ ಹಿಡಿದಳು. ಈ ಸಲ ಏನನ್ನೂ ಮಡಚಲಿಲ್ಲ. ಐದು. ಎಲ್ಲರಿಗೂ ಎಷ್ಟೋ ಅವಳಿಗೂ ಅಷ್ಟೇ. ಮುಂದಿನ ಬಾಟಲಿಗಳೂ ಹಾಗೇ. ಮೇಜು ಮುಗಿದ ಮೇಲೆ ಕೆಟ್ಟ ಎಣ್ಣೆಯ ಬಾಟಲಿಯನ್ನು ತೆರೆದಳು. ಕಮಟು ಇತ್ತು, ಆದರೆ ಹೊಟ್ಟೆ ತೊಳಸಲಿಲ್ಲ. ಗಾಜು ತೊಳೆಯುವ ಕೋಣೆಯಲ್ಲಿದ್ದ ಫಿನಾಯಿಲ್ ಡಬ್ಬಿಯ ಬಿರಡೆ ತೆಗೆದು ಬಗ್ಗಿ ಮೂಸಿದಳು. ಅದು ಫಿನಾಯಿಲ್, ಅಷ್ಟೇ. ಅವಳು ಬಿರಡೆಯನ್ನೂ ಹಾಕದೆ ಹೊರಬಿದ್ದಳು.

ನೇರ ಪ್ರೆಸ್‌ಗೆ ಹೋದಳು. ಗಂಡ ಹೊರಗೆ ಬಂದವನೇ ಶಾಯಿಯ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತ. ಅವಳು ಅವನ ಅಂಗಿಗೆ ಮುಖ ಒತ್ತಿದಳು. ಅವನಿಗೆ ಖುಷಿಯೋ ಖುಷಿ.

"ಅಬ್ಬಾ, ಕೊನೆಗೂ ಹತ್ರ ಬಂದ್ಯಲ್ಲ ಮಾರಾಯ್ತಿ!"

"ಏನೂ ಆಗ್ತಿಲ್ಲ ಕಣೋ" ಎಂದಳು. "ಶಾಯಿ ವಾಸನೆ ಬರ್ತಿದೆ, ಆದ್ರೆ ಏನೂ ಆಗ್ತಿಲ್ಲ."

"ಒಳ್ಳೇದಾಯ್ತಲ್ಲ! ಹೋಗ್ತಾ ಹೋಗ್ತಾ ಕಮ್ಮಿ ಆಗುತ್ತೆ ಅಂತ ಡಾಕ್ಟ್ರೇ ಹೇಳಿದ್ರಲ್ಲ."

"ಕಮ್ಮಿ ಆಗಿಲ್ಲ. ನಿಂತೋಗಿದೆ."

ಅವನು ಅವಳ ಮುಖ ನೋಡಿದ. ಒಳಗೆ ಹೋಗಿ ಮಾಲೀಕನಿಗೆ ಏನೋ ಹೇಳಿ ಬಂದ. ಇಬ್ಬರೂ ಆಸ್ಪತ್ರೆಗೆ ಹೋದರು.

ವೈದ್ಯೆ ಮೊದಲು ಪರದೆಯನ್ನು ಅವರ ಕಡೆಗೇ ಇಟ್ಟಿದ್ದಳು. ಆಮೇಲೆ ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು. ತುಂಬ ಹೊತ್ತು ಹುಡುಕಿದಳು. ಕೆಲವೊಮ್ಮೆ ಹೀಗಾಗುತ್ತದೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದಳು. ತಪ್ಪಿಲ್ಲ ಎನ್ನುವ ಮಾತಿನಿಂದ ಯಾವ ಹೆಂಗಸಿಗೆ ತಾನೇ ಸಮಾಧಾನವಾಗಿದೆ? ಅವಳು ಅಳಲಿಲ್ಲ. ಎದೆಬಡಿತ ನಿಂತು ಎಷ್ಟು ದಿನವಾಯಿತು ಎಂದು ಕೇಳಿದಳು. ಕೆಲವೇ ದಿನ ಇರಬಹುದು, ಖಚಿತವಾಗಿ ಹೇಳಲಾಗದು ಎಂದಳು ವೈದ್ಯೆ.

ಮುಂದೆ ಆಗಬೇಕಾದದ್ದು ಆಸ್ಪತ್ರೆಯಲ್ಲಿ ಆಯಿತು. ಮನೆಗೆ ಬಂದಳು, ಮಲಗಿದಳು. ಗಂಡ ಚಾಪೆಯನ್ನು ಕಿಟಕಿಯ ಬಳಿಯಿಂದ ಅವಳ ಪಕ್ಕಕ್ಕೆ ತರಲಿಲ್ಲ, ತಂದರೆ ಎಲ್ಲಿ ಅವಳಿಗೆ ನೋವಾಗುತ್ತದೋ ಎಂದು. ಅವಳೂ ಬಾ ಎನ್ನಲಿಲ್ಲ. ಫೋನಿನಲ್ಲಿ ಅಮ್ಮ, "ಯಾಕೆ ದನಿ ಇಷ್ಟು ಸಣ್ಣಗಿದೆ?" ಎಂದದ್ದಕ್ಕೆ ಜ್ವರ ಎಂದಳು. ಬಿಸಿನೀರು ಕುಡಿ ಎಂದಳು ಅಮ್ಮ. ಯಾರಿಗೂ ಹೇಳದೆ ಬಸುರಿಯಾಗಿದ್ದವಳು ಈಗ ಯಾರಿಗೂ ಹೇಳದೆ ಬರಿದಾಗಿದ್ದಳು. ಸಂತೋಷವನ್ನು ಬಚ್ಚಿಟ್ಟುಕೊಳ್ಳುವುದು ಸುಲಭ, ಅದಕ್ಕೆ ತಾನೊಬ್ಬಳೇ ಸಾಕು. ದುಃಖಕ್ಕೆ ನಾಲ್ಕು ಜನ ಬೇಕು. ಆ ನಾಲ್ವರನ್ನು ಅವಳೇ ದೂರ ಇಟ್ಟಿದ್ದಳು.

ಎದ್ದು ಓಡಾಡುವಂತಾದ ಮೇಲೆ ಅವಳು ಮೊದಲು ಹೋದದ್ದು ಮೇಡಂ ಕೋಣೆಗೆ. ಬೆರಳು ಮಡಚಿದ ಕತೆಯನ್ನು ಮೊದಲಿನಿಂದ ಹೇಳಿದಳು. ಮಗುವಿನದನ್ನೂ ಹೇಳಿದಳು, ಒಂದೇ ವಾಕ್ಯದಲ್ಲಿ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೇಜಿನಿಂದ ಎಬ್ಬಿಸ್ತಿದ್ರಿ."

ಮೇಡಂ ಸುಳ್ಳು ಹೇಳುವವರಲ್ಲ. "ಹೌದು, ಎಬ್ಬಿಸ್ತಿದ್ದೆ" ಎಂದರು. ಆಮೇಲೆ, "ಬೇಲಿನೇ ಹೊಲ ಮೇಯ್ದಂಗಾಯ್ತಲ್ಲೇ" ಎಂದರು. ಆದರೆ ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಏನಾದರೂ ಮೃದುವಾಗಿ ಹೇಳಬೇಕೆಂದು ಅವರಿಗೂ ಇತ್ತು. ಅಭ್ಯಾಸ ತಪ್ಪಿಹೋಗಿತ್ತು, ಹಾಗಾಗಿ ತಮಗೆ ಗೊತ್ತಿದ್ದ ಕೆಲಸಕ್ಕೇ ಕೈಹಾಕಿದರು.

"ಆ ವಾರಗಳ ನಿನ್ನ ಬೆರಳೆಲ್ಲ ಲೆಕ್ಕದಿಂದ ತೆಗೀಬೇಕು. ಎಲ್ಲಿಂದ ತೆಗೀಲಿ, ಹೇಳು."

"ಏಳು ತೋರಿಸಿದ್ನಲ್ಲ, ನೆಗಡಿನಾ ಅಂದ್ರಲ್ಲ ನೀವು. ಆವತ್ತಿಂದ."

"ಎಲ್ಲೀವರೆಗೆ? ಕೊನೇ ಮೇಜೂ ಸೇರಿಸೇ ತೆಗ್ದುಬಿಡ್ಲಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಕೊನೆಯ ಮೇಜಿನವರೆಗೂ ಮಗು ಇತ್ತು ಎಂದು ಒಂದು ಕಡೆಯಾದರೂ ದಾಖಲಾಗುತ್ತಿತ್ತು, ಅದಕ್ಕೆ ಇನ್ನೊಂದು ವಾರದ ಆಯಸ್ಸು ಸಿಗುತ್ತಿತ್ತು. ಅವಳ ತುಟಿ ಹೂಂ ಎನ್ನಲು ತೆರೆದುಕೊಂಡಿತ್ತು ಕೂಡ. ಆದರೆ ಇಷ್ಟು ವಾರ ಮಗು ಇದ್ದಾಗ ಸುಳ್ಳು ತೋರಿಸಿದ್ದಳು. ಅದು ಹೋದ ಮೇಲೂ ಅದರ ಹೆಸರಿನಲ್ಲಿ ಇನ್ನೊಂದು ಸುಳ್ಳು ಅವಳಿಂದಾಗಲಿಲ್ಲ.

"ಬೇಡ ಮೇಡಂ. ಆವತ್ತು ಮೊದಲನೇ ಬಾಟಲಿಗೆ ಮೂರು ತೋರಿಸ್ದೆ, ಆದ್ರೆ ಬಂದಿದ್ದು ಐದು. ಐದು ಅಂತ ಹಾಕ್ಕೊಳ್ಳಿ" ಎಂದಳು. "ಆವತ್ತು ನನ್ನ ಮೂಗು ಸರಿಯಾಗಿತ್ತು."

ಆಸ್ಪತ್ರೆಯಲ್ಲಿ ಅಳದವಳು, ಮನೆಯಲ್ಲಿ ಅಳದವಳು, ಆ ಮಾತು ಮುಗಿಸುವ ಹೊತ್ತಿಗೆ ಅಳುತ್ತಿದ್ದಳು. ಮೇಡಂ ಎದ್ದು ಹೋಗಿ ಬಾಗಿಲು ಹಾಕಿ ಬಂದು, ಅವಳ ಪಕ್ಕದ ಕುರ್ಚಿಯಲ್ಲಿ ಕೂತರು.